ಧೈರ್ಯವಾಗಿ ಹೇಳಲಿ, ಸಮಾನನಿಗೆ ಹೇಳಲಿ

ಕ್ರೈಸ್ತನಾದವನು ತನ್ನ ಸ್ನೇಹಿತರಿಗೂ ನೆರೆಹೊರೆಯವರಿಗೂ ತನ್ನ ನಂಬುಗೆಯನ್ನು ಅಂಜದೆ ತಿಳಿಸಬೇಕೆಂಬುದು ಆ ಮತದ ವಿಧಿ. ಇದನ್ನು ಕೇಳಿದೊಡನೆ ನಮ್ಮವರಲ್ಲಿ ಅನೇಕರು ಹುಬ್ಬು ಗಂಟಿಕ್ಕುವುದುಂಟು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಕಾಶಿಗೆ ಬಂದು, ಒಂದೇ ಕೋಣೆಯಲ್ಲಿ ನಾಲ್ಕಾರು ಮಂದಿ ಮಲಗುವ ನಮಗೆ ಪಕ್ಕದ ಚಾಪೆಯವನ ಮತವು ಕೇವಲ ಗ್ರಂಥದ ವಿಷಯವಲ್ಲ. ಅವನು ಬಾಯಿ ತೆರೆದು ಹೇಳಬಹುದೇ? ಹೇಳಿದರೆ ನಾವು ಕೇಳಬೇಕೇ?

ಹೇಳಬಹುದೆಂಬುದೇ ನಮ್ಮ ಅಭಿಪ್ರಾಯ. ಈ ಊರಿನ ಕೀರ್ತಿ ಬೆಳೆದುದೇ ಇಂಥ ಮಾತಿನಿಂದ. ಸಾರನಾಥದಲ್ಲಿ ಬುದ್ಧನು ಮೊದಲು ಧರ್ಮ ಹೇಳಿದ್ದು ಅರಸರಿಗಲ್ಲ, ತನ್ನನ್ನು ತೊರೆದು ಹೋಗಿದ್ದ ಐವರು ಹಳೆಯ ಸಂಗಾತಿಗಳಿಗೆ. ಇವನು ಬಂದರೆ ಎದ್ದು ಗೌರವಿಸಬಾರದೆಂದು ಅವರು ಮೊದಲೇ ಮಾತಾಡಿಕೊಂಡಿದ್ದರಂತೆ! 1869ರಲ್ಲಿ ದಯಾನಂದ ಸರಸ್ವತಿಗಳು ಕಾಶಿಯ ಪಂಡಿತರ ಎದುರಿಗೇ ಕುಳಿತು ವಿಗ್ರಹಾರಾಧನೆಗೆ ವೇದದ ಆಧಾರವಿಲ್ಲವೆಂದು ವಾದಿಸಿದರು. ಇವರಿಗೆಲ್ಲ ದೊರೆತ ಅವಕಾಶ ಯೇಸುವಿನ ಭಕ್ತನಿಗೆ ಮಾತ್ರ ಇಲ್ಲವೆನ್ನುವುದು ನ್ಯಾಯವಾಗದು.

ನೀಲಕಂಠ ಶಾಸ್ತ್ರಿ ಗೋರೆಯವರ ಚರಿತ್ರೆಯನ್ನು ವಾಚಕರು ತಿಳಿದಿರಬೇಕು. ನಮ್ಮಂತೆಯೇ ದಕ್ಷಿಣದ ಕಡೆಯಿಂದ ಬಂದು ಉತ್ತರದಲ್ಲಿ ನೆಲೆಸಿದ ಚಿತ್ಪಾವನ ಮನೆತನದವರು. 1825ರಲ್ಲಿ ಹುಟ್ಟಿ ಕಾಶಿಯಲ್ಲಿ ಬೆಳೆದು ಶಾಸ್ತ್ರ ಓದಿದವರು. ಜಾನ್ ಮ್ಯೂರ್ ಎಂಬ ಕಂಪೆನಿ ಸರಕಾರದ ಅಧಿಕಾರಿಯು 1839ರಲ್ಲಿ ಸಂಸ್ಕೃತದಲ್ಲಿಯೇ 'ಮತಪರೀಕ್ಷಾ' ಎಂಬ ಗ್ರಂಥ ಬರೆದು ಕ್ರೈಸ್ತಮತವೇ ಸತ್ಯವೆಂದು ಸಾಧಿಸಹೊರಟನು. ಆಳುವವರ ಅಧಿಕಾರಿಯೆಂದು ಪಂಡಿತರು ಸುಮ್ಮನಾಗಲಿಲ್ಲ. ಮೂವರು ಸಂಸ್ಕೃತದಲ್ಲಿಯೇ ಉತ್ತರ ಕೊಟ್ಟರು. ಇಪ್ಪತ್ತರ ತರುಣ ನೀಲಕಂಠರು ಅವರಲ್ಲೊಬ್ಬರು. ಪಾದ್ರಿ ವಿಲಿಯಂ ಸ್ಮಿತ್ತನ ಬಳಿಗೂ ಅವರು ಹೋದುದು ಶಿಷ್ಯರಾಗಲು ಅಲ್ಲ, ವಾದದಲ್ಲಿ ಗೆಲ್ಲಲು. ಆ ವಾದ ವರ್ಷಗಟ್ಟಲೆ ನಡೆಯಿತು. ಕೊನೆಗೆ 1848ರಲ್ಲಿ, ಕಾಶಿಯಲ್ಲಲ್ಲ, ಜೌನಪುರದಲ್ಲಿ, ನೀಲಕಂಠರು ನೆಹೆಮಿಯಾ ಆದರು. 1860ರಲ್ಲಿ 'ಷಡ್ದರ್ಶನ ದರ್ಪಣ'ವೆಂಬ ಹಿಂದೀ ಗ್ರಂಥದಲ್ಲಿ ಆರು ದರ್ಶನಗಳನ್ನೂ ಖಂಡಿಸಿದರು. ಅವರ ತೀರ್ಮಾನವನ್ನು ನಾವು ಒಪ್ಪಬೇಕಾಗಿಲ್ಲ; ಒಪ್ಪಿಯೂ ಇಲ್ಲ. ಆದರೆ ಆ ಪಾದ್ರಿಯು ತನಗೆ ತಿರುಗಿ ಉತ್ತರ ಕೊಡಬಲ್ಲವನೊಡನೆ ಮಾತಾಡಿದನು. ಧೈರ್ಯವೆಂದರೆ ಇದು.

ನಮ್ಮ ಮಂಗಳೂರಿನ ಕಥೆ ಇಷ್ಟು ಸರಳವಲ್ಲ. ಬಾಸೆಲ್ ಮಿಷನ್ನಿನವರು ಅಲ್ಲಿಗೆ ಬಂದದ್ದು 1834ರಲ್ಲಿ. 1844ರಲ್ಲಿ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದಾಗ ಊರೇ ಅಲ್ಲೋಲಕಲ್ಲೋಲವಾಯಿತು. ಮತಾಂತರ ಹೊಂದಿದವರಿಗೆ ಜಾತಿಯೂ ಹೋಯಿತು, ಕಸಬೂ ಹೋಯಿತು. ಹೊರಗೆ ಹಾಕಿದವರು ನಾವು. ಅನ್ನ ಕೊಡಬೇಕಾಗಿ ಬಂದದ್ದು ಮಿಷನ್ನಿನವರಿಗೆ. ಮಗ್ಗಗಳು ಬಂದುವು, 1865ರಲ್ಲಿ ಹಂಚಿನ ಕಾರ್ಖಾನೆ ಬಂದಿತು. ಆ ಹಂಚಿನ ಕೆಳಗೆ ಜಾತಿಭೇದವಿಲ್ಲದೆ ನಾವೆಲ್ಲರೂ ಮಲಗಿದವರೇ, ಅದು ಬೇರೆ ಮಾತು. ಆದರೆ ಉಪದೇಶ ಹೇಳುವ ಬಾಯಿ, ಸಂಬಳ ಎಣಿಸುವ ಕೈ, ಎರಡೂ ಒಂದೇ ಆದಾಗ ಒಂದು ಅನರ್ಥ ತಪ್ಪದು. ಮನಃಪೂರ್ವಕವಾಗಿ ನಂಬಿದವನನ್ನೂ ನೆರೆಯವರು ಅನ್ನಕ್ಕಾಗಿ ಹೋದವನೆಂದೇ ಸಾಯುವತನಕ ಆಡಿಕೊಳ್ಳುತ್ತಾರೆ.

ಇದು ಪಾದ್ರಿಗಳಿಗೆ ಮಾತ್ರ ಹೇಳತಕ್ಕ ಮಾತಲ್ಲ. ಹೋಟೆಲಿನ ಗಲ್ಲೆಯ ಹಿಂದೆ ಹಲವು ವರ್ಷ ಕುಳಿತವನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಧಣಿ ಹೇಳಿದ ಮಾತಿಗೆಲ್ಲ ಮಾಣಿ ತಲೆದೂಗುತ್ತಾನೆ. ಅದು ಒಪ್ಪಿಗೆಯಲ್ಲ, ತಿಂಗಳ ಕೊನೆಯ ಸಂಬಳದ ನೆನಪು. ಧಣಿ ಕ್ರೈಸ್ತನಾಗಿ ಸುವಾರ್ತೆ ಹೇಳಿದರೂ ಅಷ್ಟೆ, ಹಿಂದುವಾಗಿ ಶನಿವಾರದ ಭಜನೆಗೆ ಕೆಲಸದವರೆಲ್ಲ ಬರಲೇಬೇಕೆಂದರೂ ಅಷ್ಟೆ. ಎರಡನೆಯದು ನಮ್ಮಲ್ಲಿ ಹೆಚ್ಚು. ಅದನ್ನು ಯಾರೂ ಬಲವಂತವೆಂದು ಕರೆಯುವುದಿಲ್ಲ. ಅದೇ ಮಾಣಿಯು ರಾತ್ರಿ ಪಾತ್ರೆ ತೊಳೆದು ಬಂದು ಜೊತೆಯ ಮಾಣಿಗೆ ತನ್ನ ದೇವರ ವಿಷಯ ಹೇಳಿದರೆ, ಇವನು 'ಸುಮ್ಮನೆ ಮಲಗೋ ಮಾರಾಯ' ಎನ್ನಬಲ್ಲ. ಹಾಗೆ ಅನ್ನಬಲ್ಲವನಿಗೆ ಹೇಳುವುದರಲ್ಲಿ ದೋಷವೇನು?

ಸಂವಿಧಾನದ 25ನೆಯ ವಿಧಿಯು ಮತವನ್ನು ಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ. ಇನ್ನೊಬ್ಬನನ್ನು ಮತಾಂತರಿಸುವುದು ಆ ಹಕ್ಕಿನಲ್ಲಿ ಸೇರದೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ತೀರ್ಪಿತ್ತಿತು. ಉತ್ತರ ಪ್ರದೇಶದ 2021ರ ಕಾಯಿದೆಯು ಉದ್ಯೋಗದ ಆಸೆ ತೋರಿಸುವುದನ್ನು ಆಮಿಷವೆಂದು ಎಣಿಸಿರುವುದು ಯುಕ್ತವೇ. ಆದರೆ ಮತ ಬದಲಿಸುವವನು 60 ದಿವಸ ಮುಂಚಿತವಾಗಿ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ನಿಯಮವನ್ನು ನಾವು ಒಪ್ಪಲಾರೆವು. ವರ್ಷಗಟ್ಟಲೆ ತನ್ನೊಡನೆಯೇ ಹೋರಾಡಿದ ನೀಲಕಂಠ ಶಾಸ್ತ್ರಿಗಳ ಮನಸ್ಸು ಯಾವ ದಿವಸ ತಿರುಗಿತೆಂದು ಯಾವ ಕಚೇರಿಗೆ ಅರ್ಜಿ ಕೊಡಬೇಕಾಗಿತ್ತು? ಇದೇ ಊರಿನ ಮಾತೃಧಾಮ ಆಶ್ರಮದಲ್ಲಿ ಯೇಸುವನ್ನು ಪ್ರಾರ್ಥಿಸಿ, ದೀಕ್ಷಾಸ್ನಾನವಿಲ್ಲದೆಯೇ ಕ್ರಿಸ್ತಭಕ್ತರೆನಿಸಿಕೊಂಡವರನ್ನು ಯಾವ ಪಟ್ಟಿಗೆ ಸೇರಿಸುವುದು? 2024ರ ತಿದ್ದುಪಡಿಯಿಂದ ಶಿಕ್ಷೆ ಇನ್ನಷ್ಟು ಕಠಿನವಾಗಿದೆ. ಉಡುಗೊರೆಯೂ ಆಮಿಷದ ವ್ಯಾಖ್ಯೆಯಲ್ಲಿ ಇರುವುದರಿಂದ, ಹಬ್ಬದ ತಟ್ಟೆಯನ್ನು ನೆರೆಮನೆಗೆ ಕೊಡುವವನೂ ಅನುಮಾನಪಡುವ ಕಣ್ಣಿಗೆ ಅಂಜುವ ಕಾಲವಿದು.

ಡಿಸೆಂಬರಿನಲ್ಲಿ ಮಂಗಳೂರ ಕಡೆಯ ಕ್ರೈಸ್ತ ಗುಮಾಸ್ತನೊಬ್ಬ ಕುಸ್ವಾರಿನ ತಟ್ಟೆ ಹಿಡಿದು ಬಾಗಿಲಿಗೆ ಬಂದರೆ ಒಳಗೆ ಕರೆಯಿರಿ, ಚಾಪೆ ಹಾಸಿರಿ. ಅವನು ತನ್ನ ಸ್ವಾಮಿಯ ಮಾತು ತೆಗೆದರೆ ಕೇಳಿರಿ. ನಿಮ್ಮ ದೇವರ ಮಾತನ್ನು ನೀವೂ ಅವನಿಗೆ ಹೇಳಿರಿ.