ಎಲೆ ಹಳದಿ ಆದ್ರೆ ಯೂರಿಯಾನೇ ಯಾಕ್ರೀ?

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕಬ್ಬಿನ ಎಲೆ ಹಳದಿ ಆಯ್ತು ಅಂದ್ರೆ ಉತ್ತರ ಒಂದೇ: ಇನ್ನೊಂದು ಚೀಲ ಯೂರಿಯಾ ಒಗೀರಿ! ನಾನು ಸಾಫ್ಟ್‌ವೇರ್ ಕೆಲಸದವ. ಲಾಗ್ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡೋರನ್ನ ಕಂಡ್ರೆ ಸಿಟ್ಟು ಬರುತ್ತೆ. ಇದೂ ಅದೇ ಕಥೆ.

ಗಿಡ ತನ್ನ ಲಾಗ್ ಎಲೆ ಮೇಲೇ ಬರೆದಿರುತ್ತೆ ಸ್ವಾಮಿ. ಸಾರಜನಕ ಕಡಿಮೆ ಬಿದ್ದರೆ ಗಿಡ ಅದನ್ನ ಹಳೆ ಎಲೆಯಿಂದ ಕಿತ್ತು ಸುಳಿಗೆ ಕೊಡುತ್ತೆ. ಹಾಗಾಗಿ ಮೊದಲು ಹಳದಿಯಾಗೋದು ಕೆಳಗಿನ ಎಲೆ. ಕಬ್ಬಿಣ ಹಾಗೆ ಓಡಾಡಲ್ಲ. ಕೆಳಗಿನ ಎಲೆ ಹಸಿರಾಗೇ ಇದ್ದು, ಸುಳಿಯ ಎಲೆಯಲ್ಲಿ ನರ ಮಾತ್ರ ಹಸಿರು ಉಳಿದು ಪಟ್ಟಿಪಟ್ಟಿಯಾಗಿ ಬಿಳಚಿಕೊಂಡ್ರೆ ಅನುಮಾನ ಕಬ್ಬಿಣದ ಮೇಲೆ. ಸುಣ್ಣ ಜಾಸ್ತಿ ಇರೋ ಎರಿ ಹೊಲದ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ, ಕಬ್ಬಿಣ ಸೊನ್ನೆ. ಅಲ್ಲಿ ಬೇಕಾಗಿರೋದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಸಿಡ್ ಕಲಸಿ ಎಲೆಗೆ ಹೊಡೆಯೋದು.

"ಯೂರಿಯಾ ಅಗ್ಗ, ಹಾಕಿದ್ರೆ ನಷ್ಟ ಏನು?" ಅಂತೀರಾ? ಅಗ್ಗ ಯಾಕಂದ್ರೆ ಸರ್ಕಾರದ ಸಬ್ಸಿಡಿ ಇದೆ. ಸಾರಜನಕ ಹೆಚ್ಚಾದ್ರೆ ಕಬ್ಬು ಮೆತ್ತಗಾಗಿ ನೆಲಕ್ಕೆ ಬೀಳುತ್ತೆ, ರಸದಲ್ಲಿ ಸಕ್ಕರೆ ಇಳಿಯುತ್ತೆ, ಮಿಕ್ಕಿದ್ದು ನೈಟ್ರೇಟ್ ಆಗಿ ಬಾವಿ ನೀರಿಗೆ ಸೇರುತ್ತೆ. ಆ ನೀರು ಕುಡಿಯೋರು ನಾವೇ ತಾನೆ?

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಕಬ್ಬಿಣ, ಸತು ಸೇರಿ 12 ಅಂಶಗಳ ಲೆಕ್ಕ ಇರುತ್ತೆ. ಅದನ್ನ ಟ್ರಂಕಿನಲ್ಲಿಟ್ಟು ಪೂಜೆ ಮಾಡಬೇಡಿ, ಓದಿಸಿ. ಗೊಬ್ಬರದಂಗಡಿಗೆ ಹೋಗೋ ಮೊದಲು ಹೊಲಕ್ಕೆ ಹೋಗಿ, ಹಳದಿ ಆಗಿರೋದು ಮೇಲಿನ ಎಲೆಯೋ ಕೆಳಗಿನದೋ ನೋಡಿ. ಒಂದು ನಿಮಿಷದ ಕೆಲಸ, ಅದೂ ಪುಕ್ಕಟೆ!