ಗೌರಿಗೂ ನನಗೂ ಒಂದೇ ವಾರ

ಹೋದ ತಿಂಗಳು ಊರಲ್ಲಿದ್ದೆ, ಚನ್ನರಾಯಪಟ್ಟಣದ ಹತ್ತಿರ ಅಮ್ಮನ ಮನೇಲಿ. ಒಂದಿನ ಬೆಳಗಿನ ಜಾವ ಎಚ್ಚರ ಆದಾಗ ಹಲ್ಲು ಕಟಕಟ ಅನ್ನೋ ಚಳಿ. ಬಲಗಡೆ ಎದೆ ಕಲ್ಲಾಗಿತ್ತು. ಪಕ್ಕದಲ್ಲಿ ಕೆಂಪು ಪಟ್ಟೆ, ಮುಟ್ಟಿದ್ರೆ ಜೀವ ಹೋಗೋ ಹಾಗೆ. ಥರ್ಮಾಮೀಟರ್ 102 ತೋರಿಸ್ತು. ಅಮ್ಮನ್ನ ಕೂಗಿದರೆ ಉತ್ತರ ಬಂದಿದ್ದು ಕೊಟ್ಟಿಗೆಯಿಂದ. "ತಡಿಯೇ ಬಂದೆ, ಗೌರಿ ಕಾಲು ಝಾಡಿಸ್ತಾವ್ಳೆ, ಕೆಚ್ಚಲು ಮುಟ್ಟೋಕೇ ಬಿಡ್ತಿಲ್ಲ!"

ಗೌರಿ ಅಮ್ಮನ ಸೀಮೆಹಸು, ಕರು ಹಾಕಿ ಮೂರು ವಾರ ಆಗಿತ್ತು. ಹಿಂದಿನ ಎಡ ಮೊಲೆಯಿಂದ ಹಾಲಿನ ಬದಲು ನೀರು, ಅದರಲ್ಲಿ ಒಡೆದ ಹಾಲಿನಂಥ ಚೂರುಗಳು. ಕೆಚ್ಚಲು ಬಾವು. ನನಗಾಗಿದ್ದಕ್ಕೆ ನಮ್ಮ ಕಡೆ 'ಹಾಲು ಕಟ್ಕೊಂಡಿದೆ' ಅಂತಾರೆ. ಡಾಕ್ಟರ್ ಚೀಟಿಯಲ್ಲಿ ಎರಡಕ್ಕೂ ಒಂದೇ ಹೆಸರು, ಮ್ಯಾಸ್ಟೈಟಿಸ್. ಅಮ್ಮ ಉಪ್ಪು, ಮೆಣಸಿನಕಾಯಿ ಹಿಡಿದು ಇಬ್ಬರಿಗೂ ದೃಷ್ಟಿ ತೆಗೆದಳು. ಮೊದಲು ಗೌರಿಗೆ. (ಬೇಜಾರಿಲ್ಲ, ದಿನಕ್ಕೆ ಹದಿನಾರು ಲೀಟರ್ ಕೊಡೋಳು ಅವಳೇ ತಾನೆ.)

ಪಕ್ಕದ ಮನೆ ಅಜ್ಜಿ ಬಂದು ಬಿಸಿನೀರಿನ ಶಾಖ ಕೊಟ್ಟು, ಎಣ್ಣೆ ಹಚ್ಚಿ, ಗಂಟು ಕರಗಲಿ ಅಂತ ಬಲವಾಗಿ ತಿಕ್ಕಿದರು. ಪ್ರೀತಿಯಿಂದಲೇ. ನಾನು ಕೂಗಿದ್ದು ಬೀದಿ ಕೊನೆಗೆ ಕೇಳಿಸಿರಬೇಕು. ಸಂಜೆ ಹೊತ್ತಿಗೆ ಬಾವು ಇನ್ನೂ ಜಾಸ್ತಿ. ಆಗ ಡಾಕ್ಟರ್ ಹತ್ತಿರ ಹೋದೆವು.

ಡಾಕ್ಟರಮ್ಮ ಮೊದಲು ಕೇಳಿದ್ದು, "ಪಂಪ್ ಮಾಡ್ತೀರಾ?" ಮಾಡ್ತೀನಿ. ಮಗುವಿಗೆ ನಾಲ್ಕೂವರೆ ತಿಂಗಳು, ರಜೆ ಮುಗಿಯೋಕೆ ಬಂತು. ಆಫೀಸಿಗೆ ಹೋದ ಮೇಲೆ ಬೇಕಾಗುತ್ತೆ ಅಂತ ಪ್ರತಿ ಫೀಡ್ ಆದಮೇಲೂ ಪಂಪ್ ಮಾಡಿ ಫ್ರೀಜರ್ ತುಂಬಿಸ್ತಿದ್ದೆ. ಅಲ್ಲೇ ಎಡವಟ್ಟಾಗಿದ್ದು. ಎದೆಗೆ ಫ್ರೀಜರ್ ಗೊತ್ತಿಲ್ಲ. ಎಷ್ಟು ತೆಗೆದರೆ ಅಷ್ಟು ಬೇಕು ಅಂತ ತಿಳ್ಕೊಂಡು ಇನ್ನಷ್ಟು ಹಾಲು ಮಾಡುತ್ತೆ. ಆಮೇಲೆ ಒಂದು ರಾತ್ರಿ ಮಗು ಏಳು ಗಂಟೆ ಒಂದೇ ಸಮನೆ ಮಲಗಿತು (ನಾವು ಹಬ್ಬ ಮಾಡಿದ್ವಿ), ಹಾಲು ಒಳಗೇ ಉಳೀತು, ಸುತ್ತಲಿನ ಅಂಗಾಂಶ ಊದಿ ನಾಳಗಳನ್ನು ಒತ್ತಿತು.

ತಿಕ್ಕಿದ ಕಥೆ ಕೇಳಿ ಅವರು ತಲೆ ಮೇಲೆ ಕೈ ಇಟ್ಟುಕೊಂಡರು. ಊದಿಕೊಂಡ ಜಾಗವನ್ನು ಒತ್ತಿ ತಿಕ್ಕಿದರೆ ಒಳಗೆ ಇನ್ನಷ್ಟು ಪೆಟ್ಟಾಗುತ್ತಂತೆ. ಹಿಂದೆಲ್ಲ ವೈದ್ಯರೇ 'ಶಾಖ ಕೊಡಿ, ಮಸಾಜ್ ಮಾಡಿ, ಪೂರ್ತಿ ಖಾಲಿ ಮಾಡಿ' ಅಂತಿದ್ದರು. 2022ರಲ್ಲಿ ಎದೆಹಾಲಿನ ವೈದ್ಯರ ಅಂತರರಾಷ್ಟ್ರೀಯ ಸಂಸ್ಥೆ, ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್, ಈ ಸಲಹೆಯನ್ನೇ ತಿರುಗಿಸಿ ಹಾಕಿತು. ಈಗ ಹೇಳೋದು ಬಟ್ಟೆಯಲ್ಲಿ ಸುತ್ತಿದ ಐಸ್, ಡಾಕ್ಟರ್ ಹೇಳಿದ ನೋವಿನ ಮಾತ್ರೆ, ಮಗುವಿಗೆ ಎಷ್ಟು ಬೇಕೋ ಅಷ್ಟೇ ಕುಡಿಸೋದು. ಆಂಟಿಬಯೋಟಿಕ್ ಎಲ್ಲರಿಗೂ ಬೇಡ. ಊತ ಇದ್ದಮಾತ್ರಕ್ಕೆ ಸೋಂಕು ಅಂತ ಅರ್ಥ ಅಲ್ಲ. ಒಂದೆರಡು ದಿನದಲ್ಲಿ ಇಳಿಯದಿದ್ದರೆ, ಅಥವಾ ಜ್ವರ, ಸುಸ್ತು ಜೋರಾದರೆ ಆಗ ಕೊಡುತ್ತಾರೆ. ನನಗೆ ಎರಡನೇ ದಿನ ಶುರು ಮಾಡಿದರು. ಕೀವು ಕಟ್ಟಿದೆಯಾ ಅಂತ ಸ್ಕ್ಯಾನ್ ಮಾಡಿದರು, ಕಟ್ಟಿರಲಿಲ್ಲ. ಇನ್ನೊಂದು ಮಾತು ಹೇಳಿ ಕಳಿಸಿದರು. ಔಷಧಿ ಮುಗಿದ ಮೇಲೂ ಕೆಂಪು, ಊತ ಹೋಗದಿದ್ದರೆ ಸುಮ್ಮನೆ ಕೂರಬಾರದು, ಅಪರೂಪಕ್ಕೆ ಒಂದು ಬಗೆಯ ಕ್ಯಾನ್ಸರ್ ಕೂಡ ಹೀಗೇ ಕಾಣಿಸಿಕೊಳ್ಳುತ್ತೆ.

"ಹಾಲು ಬಿಡಿಸಿಬಿಡಲಾ?" ಅಂತ ಕೇಳಿದೆ. ನಿಜ ಹೇಳ್ತೀನಿ, ಅವತ್ತು ಅವರು ಹೂಂ ಅಂದಿದ್ದರೆ ಕುಣಿಯುತ್ತಿದ್ದೆ. ಬೇಡ ಅಂದರು. ತಟ್ಟನೆ ನಿಲ್ಲಿಸಿದರೆ ಇನ್ನೂ ಕೆಡುತ್ತೆ. ಊದಿದ ಕಡೆಯ ಹಾಲು ಮಗುವಿಗೆ ಸುರಕ್ಷಿತ, ಅವರು ಬರೆದ ಔಷಧಿ ಕೂಡ ಹಾಲೂಡಿಸುವಾಗ ತಗೊಳ್ಳಬಹುದಾದದ್ದೇ. ಆದರೆ ಮಗು ಬಲಗಡೆ ಕುಡಿಯುವಾಗ ಮುಖ ಕಿವುಚುತ್ತಿತ್ತು. ಊತ ಬಂದಾಗ ಹಾಲಿನಲ್ಲಿ ಸೋಡಿಯಂ ಏರಿ ರುಚಿ ಉಪ್ಪುಪ್ಪಾಗುತ್ತಂತೆ. ಅಮ್ಮನಿಗೆ ಹೇಳಿದರೆ, "ಅಯ್ಯೋ ಗೌರಿದೂ ಹಂಗೇ, ಬಾವು ಬಂದ ಹಸಿನ ಹಾಲು ಉಪ್ಪಗಿರ್ತದೆ, ನಿಮ್ಮಜ್ಜಿ ನಾಲಿಗೆ ಮೇಲೆ ಹಾಕ್ಕೊಂಡೇ ಹೇಳೋಳು" ಅಂದಳು.

ಮಾರನೇ ದಿನ ಪಶುವೈದ್ಯರು ಬಂದರು. ನಾನೂ ಶಾಲು ಹೊದ್ದು ಕೊಟ್ಟಿಗೆ ಬಾಗಿಲಲ್ಲಿ ಕೂತೆ. ನಾಲ್ಕು ಬಟ್ಟಲಿರೋ ಒಂದು ಪ್ಲಾಸ್ಟಿಕ್ ತಟ್ಟೆ ತೆಗೆದು, ಒಂದೊಂದು ಮೊಲೆಯ ಹಾಲು ಒಂದೊಂದರಲ್ಲಿ ಹಿಂಡಿ, ಒಂದು ದ್ರಾವಣ ಹಾಕಿ ಅಲುಗಿಸಿದರು. ಕೆಟ್ಟ ಮೊಲೆಯದು ಲೋಳೆಯಾಯ್ತು. ಸೋಂಕಿನ ವಿರುದ್ಧ ಬಂದ ಬಿಳಿ ರಕ್ತಕಣಗಳು ಒಡೆದು, ಅವುಗಳ ಡಿಎನ್‌ಎ ಹೊರಬಂದು ಹಾಗೆ ಗಟ್ಟಿಯಾಗೋದು. ಕ್ಯಾಲಿಫೋರ್ನಿಯಾ ಟೆಸ್ಟ್ ಅಂತಾರೆ, 1957ರಿಂದ ಇದೆ. ಆದರೆ ನಮಗೆ ಶಾಕ್ ಆಗಿದ್ದು ಇನ್ನೊಂದು ಬಟ್ಟಲು ನೋಡಿ. ಮುಂದಿನ ಬಲ ಮೊಲೆಯ ಹಾಲು ಕಣ್ಣಿಗೆ ಚೆನ್ನಾಗೇ ಇತ್ತು, ತಟ್ಟೆಯಲ್ಲಿ ಅದೂ ಮಂದವಾಯ್ತು. ಹೊರಗೆ ಏನೂ ಕಾಣದೆ ಒಳಗೊಳಗೇ ಇರೋ ಬಾವು. ಇಳುವರಿ ತಗ್ಗಿದ್ದಕ್ಕೆ ಅಮ್ಮ ಇಷ್ಟು ದಿನ ಬೂಸಾವನ್ನು ಬೈತಿದ್ದಳು.

ಚಿಕಿತ್ಸೆ ಮಾತ್ರ ನನ್ನದಕ್ಕೆ ಉಲ್ಟಾ. ಹಸುವಿಗೆ ಸಾಮಾನ್ಯವಾಗಿ ತೊಟ್ಟಿನ ರಂಧ್ರದಿಂದಲೇ ಬ್ಯಾಕ್ಟೀರಿಯಾ ಒಳಗೆ ಹೋಗಿರುತ್ತೆ. ಹಾಗಾಗಿ ಕೆಟ್ಟ ಮೊಲೆಯನ್ನು ಕೊನೆಗೆ ಕರೆದು ಪೂರ್ತಿ ಖಾಲಿ ಮಾಡಬೇಕು, ಆ ಹಾಲನ್ನು ಕೊಟ್ಟಿಗೆ ನೆಲಕ್ಕೆ ಹಿಂಡಬಾರದು. ಕರೆದ ಮೇಲೆ ಅರ್ಧ ಗಂಟೆಯಾದರೂ ಹಸು ಮಲಗಬಾರದು, ತೊಟ್ಟಿನ ಬಾಯಿ ಮುಚ್ಚಿಕೊಳ್ಳೋಕೆ ಅಷ್ಟು ಹೊತ್ತು ಬೇಕು. ಅಮ್ಮ ಕರೆದಾದ ತಕ್ಷಣ ಮೇವು ಹಾಕೋದು ಪ್ರೀತಿಗೆ ಅಂದ್ಕೊಂಡಿದ್ದೆ. ತಿನ್ನೋ ಹಸು ನಿಂತೇ ಇರುತ್ತಲ್ಲ! ಲೋಳೆಸರ, ಅರಿಶಿನ, ಸುಣ್ಣ ಅರೆದು ಕೆಚ್ಚಲಿಗೆ ಹಚ್ಚೋ ಮದ್ದೂ ಹೇಳಿಕೊಟ್ಟರು, ಅದನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೂ ಪ್ರಚಾರ ಮಾಡುತ್ತೆ. ಅಮ್ಮ ಬಟ್ಟಲು ಹಿಡಿದು ನನ್ನ ಕಡೆ ತಿರುಗಿದ್ದು ನೋಡಿ ಅವರೇ, "ಅಮ್ಮಾ, ಅದು ಹಸುಗೆ ಮಾತ್ರ, ಸುಣ್ಣ ಇದೆ" ಅಂದರು. ಬದುಕಿಕೊಂಡೆ.

ಕಷ್ಟ ಬಂದಿದ್ದು ಟ್ಯೂಬ್ ಏರಿಸಿದ ಮೇಲೆ. ಮೊಲೆಗೆ ಆಂಟಿಬಯೋಟಿಕ್ ಟ್ಯೂಬ್ ಹಾಕಿದರೆ, ಲೇಬಲ್ ಮೇಲೆ ಬರೆದಷ್ಟು ದಿನ ಹಾಲು ಯಾರಿಗೂ ಕೊಡುವಂತಿಲ್ಲ. ಬರೀ ಆ ಮೊಲೆಯದ್ದಲ್ಲ, ನಾಲ್ಕರದ್ದೂ. ಕಾಯಿಸಿದರೂ ಔಷಧಿಯ ಅಂಶ ಪೂರ್ತಿ ಹೋಗಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರೂ ಸರಿಯಾಗಿ ಆಗಲ್ಲ, ಹೆಪ್ಪಿನಲ್ಲಿರೋದೂ ಬ್ಯಾಕ್ಟೀರಿಯಾನೇ. ಇದೆಲ್ಲ ಸರಿ. ಆದರೆ ಡೇರಿ ಬಟವಾಡೆಯಲ್ಲಿ ಅಮ್ಮನ ಮಾತ್ರೆ, ಹಿಂಡಿ, ಚೀಟಿ ದುಡ್ಡು ಎಲ್ಲ ನಡೀಬೇಕು. ಮೊದಲ ಸಂಜೆ ಕ್ಯಾನ್ ಎದುರಿಗಿಟ್ಟುಕೊಂಡು ಕೂತಿದ್ದಳು. "ಎಲ್ಲಾರ ಹಾಲಲ್ಲಿ ಬೆರ್ತೋಯ್ತದೆ, ಯಾರಿಗ್ ಗೊತ್ತಾಯ್ತದೆ" ಅಂದಳು, ನನಗಲ್ಲ, ಗೋಡೆಗೆ. ನಾನು ಬಾಯಿ ಬಿಡಲಿಲ್ಲ. ತಿಂಗಳ ಸಂಬಳ ತಗೊಳ್ಳೋಳು ನಾನು, ಆ ನಷ್ಟದ ಬಗ್ಗೆ ಅವಳಿಗೆ ಏನು ಹೇಳಲಿ? ಸ್ವಲ್ಪ ಹೊತ್ತಿಗೆ ಎದ್ದು, ತೊಟ್ಟಿಲಲ್ಲಿದ್ದ ಮಗುವನ್ನೊಮ್ಮೆ ನೋಡಿ, ಹಿತ್ತಲಿಗೆ ಹೋಗಿ ತೆಂಗಿನ ಬುಡಕ್ಕೆ ಸುರಿದಳು. ಲೇಬಲ್‌ನ ದಿನ ಮುಗಿಯೋವರೆಗೂ ಎರಡು ಹೊತ್ತೂ ಹಾಗೇ. ನಾನು ದುಡ್ಡು ಕೊಡೋಕೆ ಹೋದರೆ ಬೈಸಿಕೊಂಡೆ.

ನನ್ನ ಜ್ವರ ಮೂರನೇ ದಿನ ಬಿಡ್ತು. ಗೌರಿಯ ಮುಂದಿನ ಮೊಲೆ ಸರಿಹೋಯ್ತು, ಹಿಂದಿನದು ಬತ್ತಿಹೋಯ್ತು. ದಲ್ಲಾಳಿ ಬಂದು ಮೂರು ಮೊಲೆ ಹಸು ಅಂತ ಬೆಲೆ ಇಳಿಸಿ ಮಾತಾಡಿದ, ಅಮ್ಮ ಕಾಫಿ ಕೂಡ ಕೊಡದೆ ಕಳಿಸಿದಳು.

ಬರೋ ಸೋಮವಾರ ನನಗೆ ಆಫೀಸು. 26 ವಾರದ ಹೆರಿಗೆ ರಜೆ ಕೊಡುವ ಕಾನೂನೇ, 50 ಜನ ಇರೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಬಹುದು ಅನ್ನುತ್ತೆ. ನಮ್ಮಲ್ಲಿ ಇರೋದು ಚಿಲಕ ಸರಿ ಕೂರದ ಒಂದು ಚಿಕ್ಕ ರೂಮು. ಎಚ್‌ಆರ್‌ಗೆ ಮೇಲ್ ಹಾಕಿದ್ದೀನಿ. ಫ್ರೀಜರ್ ತುಂಬಿಸೋದು ಬಿಟ್ಟಿದ್ದೀನಿ, ಮಾರನೇ ದಿನಕ್ಕೆ ಆಗುವಷ್ಟು ಇದ್ದರೆ ಸಾಕು. ನಿನ್ನೆ ಅಮ್ಮ ಫೋನ್ ಮಾಡಿ ಮೊದಲು ಕೇಳಿದ್ದು, "ಎದೆ ಮೆತ್ತಗೈತಾ?" ನಾನು ಕೇಳಿದ್ದೂ ಅದನ್ನೇ, ಗೌರಿ ಕೆಚ್ಚಲ ಬಗ್ಗೆ.