ಎಷ್ಟು ಜನ ಸೇರಿದರು ಅನ್ನೋದು ಬಿಡಿ, ಎಷ್ಟು ಜನ ಉಳಿದರು ಹೇಳಿ

ಹೋದ ತಿಂಗಳು ನಮ್ಮೂರಿನ ಹುಡುಗನೊಬ್ಬ ತುಮಕೂರು ಕಡೆಯ ಕಾರ್ಖಾನೆ ಕೆಲಸ ಬಿಟ್ಟು ಮನೆಗೆ ಬಂದ. ಸೇರಿ ಎಪ್ಪತ್ತು ದಿನ ಆಗಿತ್ತು ಅಷ್ಟೇ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಅವನಿಗೆ ಕೇಳುವ ಹಾಗೇ ಅಂದರು: "ಈಗಿನ ಹುಡುಗ್ರಿಗೆ ಮೈ ಬಗ್ಗಲ್ಲ ಕಣಪ್ಪ. ಫ್ಯಾನ್ ಕೆಳಗೆ ಕೂರಿಸಿ ಸಂಬಳ ಕೊಡ್ಬೇಕು ಇವ್ರಿಗೆ." ಎಲ್ಲರೂ ನಕ್ಕರು. ಹುಡುಗ ಅರ್ಧ ಟೀ ಹಾಗೇ ಬಿಟ್ಟು ಎದ್ದು ಹೋದ.

ಅದೇ ಹುಡುಗ ಪಿಯುಸಿ ಓದುವಾಗ ಬೇಸಿಗೆ ರಜೆಯಲ್ಲಿ ಚಳ್ಳಕೆರೆಯಲ್ಲಿ ಶೇಂಗಾ ಮೂಟೆ ಹೊತ್ತವನು. ಏಪ್ರಿಲ್ ಬಿಸಿಲಲ್ಲಿ. ಅವನ ಮೈ ಬಗ್ಗುತ್ತೆ. ಬಗ್ಗದೇ ಇದ್ದದ್ದು ಬೇರೆ ಏನೋ ಇರಬೇಕು ಅಂತ ಕೇಳುವ ವ್ಯವಧಾನ ಆ ಹೋಟೆಲಿನಲ್ಲಿ ಯಾರಿಗೂ ಇರಲಿಲ್ಲ.

ನಾನು ಕೇಳಿದೆ. ಅವನು ಹೇಳಿದ್ದು ಇಷ್ಟು. ಶಿಫ್ಟ್ ಎಂಟು ಗಂಟೆ ಅಂದಿದ್ದರು, ಟಾರ್ಗೆಟ್ ಮುಗಿಯದೆ ಗೇಟ್ ಬಿಡುತ್ತಿರಲಿಲ್ಲ. ಆ ಹೆಚ್ಚಿನ ಹೊತ್ತು ಓಟಿ ಅಂತ ಎಲ್ಲೂ ಬರೆಯುತ್ತಿರಲಿಲ್ಲ. ಶೌಚಾಲಯಕ್ಕೆ ಹೋಗಲು ಲೈನ್ ಲೀಡರ್ ಹತ್ತಿರ ಟೋಕನ್ ಕೇಳಬೇಕು, ಇಡೀ ಲೈನಿಗೆ ಎರಡೇ ಟೋಕನ್. ಅಜ್ಜಿ ತೀರಿಕೊಂಡಾಗ ಎರಡು ದಿನ ರಜೆ ಹಾಕಿದ್ದಕ್ಕೆ ಆ ತಿಂಗಳ ಹಾಜರಾತಿ ಬೋನಸ್ ಪೂರ್ತಿ ಕಟ್. ವಾಪಸ್ ಹೋದ ದಿನ ಸೂಪರ್‌ವೈಸರ್ ಎಲ್ಲರ ಮುಂದೆ ಕೇಳಿದನಂತೆ: "ಇನ್ನೂ ಎಷ್ಟು ಜನ ಅಜ್ಜಿಯರಿದ್ದಾರೆ ನಿಂಗೆ?"

ಅವನು ಕೆಲಸ ಬಿಟ್ಟಿದ್ದು ಆ ಮಾತಿಗೆ. ಮೂಟೆ ಹೊರುವವನಿಗೂ ಅಜ್ಜಿ ಇರುತ್ತಾಳೆ.

ಈಗ ನನ್ನ ತಪ್ಪಿನ ವಿಷಯ. ಆ ಹುಡುಗನಿಗೆ ಕೆಲಸ ಸಿಕ್ಕಿದ್ದು ಉದ್ಯೋಗ ಮೇಳದಲ್ಲಿ. ಆ ಮೇಳದ ಸುದ್ದಿ ಬರೆದವನು ನಾನೇ. ವೇದಿಕೆ ಮೇಲೆ ನೇಮಕಾತಿ ಪತ್ರ ಹಿಡಿದು ನಿಂತ ಹುಡುಗರ ಫೋಟೊ ತೆಗೆದವನೂ ನಾನೇ. ಇಂಥ ಸುದ್ದಿಗೆ ನಮ್ಮಲ್ಲಿ ಅಚ್ಚು ಮೊದಲೇ ತಯಾರಿರುತ್ತೆ: ಇಷ್ಟು ಕಂಪನಿ ಬಂದವು, ಇಷ್ಟು ಜನ ನೋಂದಣಿ ಮಾಡಿಸಿದರು, ಇಷ್ಟು ಜನರಿಗೆ ಸ್ಥಳದಲ್ಲೇ ಪತ್ರ ಸಿಕ್ಕಿತು, ಶಾಸಕರು ಹೀಗೆಂದರು. ಸುಮಾರು ಹತ್ತು ವರ್ಷದಿಂದ ಬರೆಯುತ್ತಿದ್ದೇನೆ. ಮೂರು ತಿಂಗಳು ಬಿಟ್ಟು ಹೋಗಿ ಅವರಲ್ಲಿ ಎಷ್ಟು ಜನ ಕೆಲಸದಲ್ಲಿದ್ದಾರೆ ಅಂತ ಒಂದು ಸಲವೂ ನೋಡಿಲ್ಲ. ಅಧಿಕಾರಿಗಳೂ ನೋಡಿಲ್ಲ. ನೋಡಿದರೆ ಮುಂದಿನ ವರ್ಷದ ಮೇಳಕ್ಕೆ ಬಲೂನ್ ಕಟ್ಟಲು ಕೈ ಬರುತ್ತಿರಲಿಲ್ಲ.

ಮೇಳಕ್ಕೆ ಮುಂಚೆ ಹುಡುಗರಿಗೆ ತರಬೇತಿ ಕೊಡುತ್ತಾರೆ. ಶೂ ಹೇಗೆ ಹಾಕಬೇಕು, ಕೈ ಹೇಗೆ ಕುಲುಕಬೇಕು, "ನಿಮ್ಮ ಬಗ್ಗೆ ಹೇಳಿ" ಅಂದರೆ ಇಂಗ್ಲಿಷಿನಲ್ಲಿ ಏನು ಹೇಳಬೇಕು. ಒಟ್ಟಿನಲ್ಲಿ ಕಂಪನಿ ನಿಮ್ಮನ್ನು ನೋಡಲು ಬರುತ್ತದೆ, ನೀವು ಒಪ್ಪಿಗೆ ಆಗುವ ಹಾಗೆ ನಿಲ್ಲಬೇಕು. ನೀವೂ ಕಂಪನಿಯನ್ನು ನೋಡಬೇಕು, ಹೇಗೆ ನೋಡಬೇಕು ಅಂತ ಹೇಳಿಕೊಡುವವರು ಆ ತರಬೇತಿಯಲ್ಲಿ ಒಬ್ಬರೂ ಇಲ್ಲ.

ನಾವು ನೋಡಲು ಬಾರದ ಜನವೇನಲ್ಲ. ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸುತ್ತೇವೆ. ಮಗಳನ್ನು ಕೊಡುವ ಮುಂಚೆ ಆ ಊರಿನ ಹೋಟೆಲಿನಿಂದ ಹಿಡಿದು ಕ್ಷೌರದಂಗಡಿವರೆಗೆ ವಿಚಾರಿಸುತ್ತೇವೆ. ಅದೇ ಮಗಳನ್ನು ಬೆಂಗಳೂರಿನ ಗಾರ್ಮೆಂಟ್ಸಿಗೋ ಹೊಸೂರು ಕಡೆಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೋ ಕಳಿಸುವಾಗ ಮಾತ್ರ ಏಜೆಂಟ್ ತಂದ ಬಣ್ಣದ ಹಾಳೆ ನೋಡಿ ಬಸ್ ಹತ್ತಿಸುತ್ತೇವೆ.

ಆ ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಇರುವುದು ಸಂಬಳ. ನಮ್ಮ ಹುಡುಗನ ಹಾಳೆಯಲ್ಲಿ 18,000 ಅಂತ ಇತ್ತು. ಅದು ಸಿಟಿಸಿ. ಅಂದರೆ ಕಂಪನಿ ತನ್ನ ಪಾಲಿನ ಪಿಎಫ್, ಇಎಸ್ಐ ಹಣವನ್ನೂ ಹುಡುಗನ ಸಂಬಳ ಅಂತಲೇ ಲೆಕ್ಕ ತೋರಿಸಿದೆ. ಅದನ್ನು ತೆಗೆದರೆ ಸುಮಾರು 15,500. ಅದರಲ್ಲಿ ಇವನ ಪಾಲಿನ ಪಿಎಫ್ 1,800, ಇಎಸ್ಐ ನೂರು ಚಿಲ್ಲರೆ. ಹಾಸ್ಟೆಲ್, ಊಟ, ಬಸ್ಸು ಸೇರಿ 2,500. ಕೈಗೆ ಬಂದದ್ದು 11,000 ಚಿಲ್ಲರೆ. ಪಿಎಫ್ ಕಟ್ ಆಗಬೇಕು, ಅದು ಅವನದೇ ದುಡ್ಡು, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು 18,000 ಅಂತ ಹೇಳಿ ಕರೆದದ್ದಕ್ಕೆ. ದನದ ಜಾತ್ರೆಯ ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾನಲ್ಲ, ಅವನೇ ವಾಸಿ. ಅವನ ಬೆರಳಾದರೂ ನಮ್ಮ ಕೈಗೆ ಸಿಗುತ್ತೆ.

ಮೊದಲ ದಿನವೇ ಸಂಬಳದ ವಿಷಯದಲ್ಲಿ ಮರೆಮಾಚುವವರು ಆಮೇಲೆ ರಜೆ ವಿಷಯದಲ್ಲಿ, ಓಟಿ ವಿಷಯದಲ್ಲಿ, ಪೆಟ್ಟಾದಾಗ ಆಸ್ಪತ್ರೆಗೆ ಸೇರಿಸುವ ವಿಷಯದಲ್ಲಿ ನೇರವಾಗಿರುತ್ತಾರೆ ಅಂತ ನಂಬಬೇಡಿ. ದೊಡ್ಡ ಕಂಪನಿ ಅಂದ ಮಾತ್ರಕ್ಕೂ ನಂಬಬೇಡಿ.

ನರಸಾಪುರ ನೆನಪಿದೆಯಾ? 2020ರ ಡಿಸೆಂಬರ್ 12, ಕೋಲಾರ ಜಿಲ್ಲೆ. ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಗಾಜು ಒಡೆದರು, ಗಾಡಿ ಉರುಳಿಸಿದರು. ಟೀವಿಯವರು ಗಾಜು ಒಡೆದದ್ದನ್ನೇ ದಿನವಿಡೀ ತೋರಿಸಿದರು. ಒಡೆದದ್ದು ತಪ್ಪೇ. ಆದರೆ ಆಮೇಲೆ ಸರ್ಕಾರದ ಕಾರ್ಖಾನೆಗಳ ಇಲಾಖೆ ಪರಿಶೀಲಿಸಿದಾಗ ಸಿಕ್ಕಿದ್ದೇನು? ಸ್ವಲ್ಪ ಸಮಯದಲ್ಲೇ ಕಾರ್ಮಿಕರ ಸಂಖ್ಯೆ ಹತ್ತು ಸಾವಿರ ದಾಟಿತ್ತು, ಅಷ್ಟು ಜನರ ಹಾಜರಾತಿ, ಸಂಬಳ ನೋಡಿಕೊಳ್ಳುವ ವ್ಯವಸ್ಥೆಯೇ ಸರಿ ಇರಲಿಲ್ಲ. ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಕೊಟ್ಟಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಸರಿಪಡಿಸುವವರೆಗೆ ಹೊಸ ಕೆಲಸ ಕೊಡಲ್ಲ ಅಂತ ಆ್ಯಪಲ್ ಹೇಳಿತು. (ಆ ಕಾರ್ಖಾನೆ ಈಗ ಟಾಟಾದವರ ಕೈಯಲ್ಲಿದೆ.)

ಮರುವರ್ಷ ಡಿಸೆಂಬರಿನಲ್ಲಿ ತಮಿಳುನಾಡಿನ ಶ್ರೀಪೆರಂಬುದೂರು. ಫಾಕ್ಸ್‌ಕಾನ್ ಕಾರ್ಖಾನೆಯ ಹೆಣ್ಣುಮಕ್ಕಳು ಹಾಸ್ಟೆಲ್ ಊಟ ತಿಂದು ಆಸ್ಪತ್ರೆ ಸೇರಿದರು, ನೂರೈವತ್ತಕ್ಕೂ ಹೆಚ್ಚು ಮಂದಿ. ಜೊತೆಯವರು ಚೆನ್ನೈ–ಬೆಂಗಳೂರು ಹೆದ್ದಾರಿಯಲ್ಲಿ ಕೂತರು. ಹಾಸ್ಟೆಲ್, ಊಟದ ಕೋಣೆಗಳು ಕೆಲವು ಕಡೆ ಇರಬೇಕಾದ ಹಾಗೆ ಇಲ್ಲ ಅಂತ ಆಮೇಲೆ ಆ್ಯಪಲ್ಲೇ ಹೇಳಿತು. ಆ ಕಂಪನಿಯ ಕಾರ್ಖಾನೆ ಈಗ ನಮ್ಮ ದೇವನಹಳ್ಳಿ ಬಳಿಯೂ ಇದೆ. ಅಲ್ಲಿ ಹೇಗಿದೆ ಅಂತ ಅಲ್ಲಿ ದುಡಿಯುವ ನಮ್ಮ ಮಕ್ಕಳನ್ನೇ ಕೇಳಬೇಕು.

ಹಾಸ್ಟೆಲಿಗೆ ಫೋನ್ ಮಾಡಿದ ತಾಯಿ ಮೊದಲು ಕೇಳುವುದು "ಊಟ ಹೆಂಗೈತೆ ಮಗಾ?" ಅಂತ. ಓದಿದವರು ಅದಕ್ಕೆ ನಗುತ್ತಾರೆ. ಕಂಪನಿಯ ಗುಣ ಅಳೆಯಲು ಅದಕ್ಕಿಂತ ಒಳ್ಳೆ ಪ್ರಶ್ನೆ ನನಗಂತೂ ಗೊತ್ತಿಲ್ಲ. ಸೇರಿದ ಮೇಲೆ ಕೇಳುವ ಬದಲು ಸೇರುವ ಮುಂಚೆ ಕೇಳಬೇಕು ಅಷ್ಟೇ.

ಯಾರನ್ನು ಕೇಳುವುದು? ಎಚ್ಆರ್ ಅವರನ್ನಲ್ಲ. ನಮ್ಮಲ್ಲಿ ತುಂಬಾ ಒಳ್ಳೆ ವಾತಾವರಣ ಇದೆ ಅಂತ ಹೇಳಲಿಕ್ಕೇ ಅವರಿಗೆ ಸಂಬಳ. "ನಾವೆಲ್ಲ ಒಂದು ಕುಟುಂಬ" ಅಂದರೆ ಇನ್ನೂ ಹುಷಾರು. ನಾನು ಡಿಪ್ಲೊಮಾ ಮುಗಿಸಿ ಸೇರಿದ ಮೊದಲ ಪತ್ರಿಕೆಯಲ್ಲಿ ಸಂಪಾದಕರು ಇದೇ ಮಾತು ಹೇಳಿದ್ದರು. ನೇಮಕಾತಿ ಪತ್ರ ಕೊಡಲಿಲ್ಲ. ನಾಲ್ಕು ತಿಂಗಳು ದುಡ್ಡು ಬರಲಿಲ್ಲ. ಕೇಳಿದಾಗ, "ಮನೆಯವರು ಹೀಗೆ ಲೆಕ್ಕ ಕೇಳ್ತಾರೇನಪ್ಪಾ?" ಅಂದರು. ಬೇರೆಯವರಿಗೆ ಬುದ್ಧಿ ಹೇಳುವ ನಾನೂ ವಿಚಾರಿಸದೇ ಸೇರಿದವನೇ.

ಕೇಳಬೇಕಾದ್ದು ಬಿಟ್ಟು ಬಂದವರನ್ನು. ನಿಮ್ಮ ಊರಲ್ಲಿ, ಪಕ್ಕದ ಊರಲ್ಲಿ, ಆ ಕಂಪನಿಗೆ ಹೋಗಿ ವಾಪಸ್ ಬಂದವರು ಒಬ್ಬರಾದರೂ ಇರುತ್ತಾರೆ. ನಾವು ಹೋಟೆಲಿನಲ್ಲಿ ನಕ್ಕು ಎಬ್ಬಿಸಿ ಕಳಿಸುವುದು ಅವರನ್ನೇ. ಊರಿಗೆ ಉಪಯೋಗ ಆಗುವ ಮಾಹಿತಿ ಇರುವ ಒಬ್ಬನ ಬಾಯಿ ಮುಚ್ಚಿಸಿ, ಮುಂದಿನ ತಿಂಗಳು ಅದೇ ಗೇಟಿಗೆ ಇನ್ನೂ ಮೂವರನ್ನು ಕಳಿಸುತ್ತೇವೆ.

ಅವರು ಸಿಗದಿದ್ದರೆ ಒಂದು ದಿನದ ಬಸ್ ಚಾರ್ಜ್ ಹಾಕಿ ಗೇಟಿನ ಹತ್ತಿರ ಹೋಗಿ. ಶಿಫ್ಟ್ ಬಿಡುವ ಹೊತ್ತಿಗೆ ಎದುರಿನ ಟೀ ಅಂಗಡಿಯಲ್ಲಿ ಕೂರಿ. ಎರಡೂವರೆಗೆ ಬಿಡಬೇಕಾದ ಶಿಫ್ಟಿನವರು ನಾಲ್ಕಕ್ಕೆ ಹೊರಗೆ ಬಂದರೆ ಯಾರನ್ನೂ ಏನೂ ಕೇಳಬೇಕಾಗಿಲ್ಲ. ಗೇಟಿಗೆ ಕಟ್ಟಿದ "ಕೆಲಸಗಾರರು ಬೇಕಾಗಿದ್ದಾರೆ" ಫ್ಲೆಕ್ಸ್ ನೋಡಿ. ಬಿಸಿಲಿಗೆ ಬಣ್ಣ ಹೋಗಿದ್ದರೆ ಆ ಕಂಪನಿಗೆ ವರ್ಷವಿಡೀ ಜನ ಬೇಕು ಅಂತ ಅರ್ಥ. ಯಾಕೆ ಬೇಕು, ಇದ್ದವರು ಎಲ್ಲಿ ಹೋದರು ಅಂತ ಟೀ ಅಂಗಡಿಯವನನ್ನು ಕೇಳಿ. ಸಂಬಳ ಯಾವ ತಾರೀಕಿಗೆ ಆಗುತ್ತೆ ಅನ್ನೋದು ಅವನ ಸಾಲದ ಪುಸ್ತಕಕ್ಕೆ ಗೊತ್ತಿರುತ್ತೆ.

ಫೋನಿನಲ್ಲೇ ನೋಡುವ ಒಂದು ದಾರಿಯೂ ಇದೆ. ಪಿಎಫ್ ಇಲಾಖೆಯ, ಅಂದರೆ ಇಪಿಎಫ್ಒ ವೆಬ್‌ಸೈಟಿನಲ್ಲಿ "ಎಸ್ಟಾಬ್ಲಿಷ್‌ಮೆಂಟ್ ಸರ್ಚ್" ಅಂತ ಒಂದು ಜಾಗ ಇದೆ. ಕಂಪನಿ ಹೆಸರು ಹಾಕಿದರೆ ಯಾವ ತಿಂಗಳಿಗೆ ಎಷ್ಟು ನೌಕರರ ಪಿಎಫ್, ಯಾವ ದಿನ ಕಟ್ಟಿದ್ದಾರೆ ಅಂತ ತೋರಿಸುತ್ತೆ. ಪಾಸ್‌ವರ್ಡ್ ಬೇಡ, ಲಂಚ ಬೇಡ. ಒಂದು ತಿಂಗಳ ಹಣ ಮುಂದಿನ ತಿಂಗಳು 15ರೊಳಗೆ ಕಟ್ಟಬೇಕು. ತಡವಾಗಿ ಕಟ್ಟುವ ಚಾಳಿ ಇದ್ದರೆ ಅಲ್ಲೇ ಕಾಣುತ್ತೆ. ನೌಕರರ ಸಂಖ್ಯೆ ಒಂದು ತಿಂಗಳು ಏರಿ ಇನ್ನೊಂದು ತಿಂಗಳು ದಿಢೀರ್ ಇಳಿಯುತ್ತಿದ್ದರೆ ಅದೂ ಕಾಣುತ್ತೆ. ನಿಮ್ಮನ್ನು ಸೇರಿಸಿಕೊಳ್ಳುವುದು ಏಜೆನ್ಸಿ ಆದರೆ ಕಂಪನಿ ಹೆಸರು ಹಾಕಿ ಪ್ರಯೋಜನ ಇಲ್ಲ, ಏಜೆನ್ಸಿ ಹೆಸರು ಹಾಕಿ. ಬೋರ್ಡಿನ ಮೇಲಿರುವ ಹೆಸರೇ ಬೇರೆ, ಪೇಸ್ಲಿಪ್ಪಿನ ಮೇಲಿರುವ ಹೆಸರೇ ಬೇರೆ ಅನ್ನುವುದು ಎಷ್ಟೋ ಹುಡುಗರಿಗೆ ಮೊದಲ ಸಂಬಳದ ದಿನವೇ ಗೊತ್ತಾಗುವುದು. "ಅಪ್ರೆಂಟಿಸ್" ಅಂತ ಬರೆದಿದ್ದರೆ ಪಿಎಫ್, ಇಎಸ್ಐ ಎರಡೂ ಇರಲ್ಲ, ಅದನ್ನೂ ಮೊದಲೇ ಓದಿಕೊಳ್ಳಿ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಬಗ್ಗೆ ಜಗಳ ಬೇಕಾದಷ್ಟಿದೆ, ಅದನ್ನು ಇನ್ನೊಮ್ಮೆ ಮಾಡೋಣ. ಆದರೆ ನೇಮಕಾತಿ ಪತ್ರ ಕೊಡಲೇಬೇಕು, ತಿಂಗಳ ಸಂಬಳ ಮುಂದಿನ ತಿಂಗಳು 7ರೊಳಗೆ ಆಗಬೇಕು, ಓಟಿಗೆ ದುಪ್ಪಟ್ಟು ಕೂಲಿ ಕೊಡಬೇಕು ಅಂತ ಅದರಲ್ಲೂ ಇದೆ. ಸೇರುವ ದಿನ ಈ ಮೂರನ್ನು ಕೇಳಿ. ಉತ್ತರಕ್ಕಿಂತ ಕೇಳಿದಾಗ ಎದುರಿನವರ ಮುಖ ಹೇಗಾಗುತ್ತೆ ನೋಡಿ. ಹೆಣ್ಣುಮಕ್ಕಳು ಇನ್ನೊಂದು ಕೇಳಬೇಕು: ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿಯಲ್ಲಿ ಯಾರಿದ್ದಾರೆ? 2013ರ ಕಾಯ್ದೆ ಪ್ರಕಾರ ಹತ್ತು ಜನ ದುಡಿಯುವ ಕಡೆ ಆ ಸಮಿತಿ ಇರಬೇಕು, ಅದರ ಆದೇಶ ಎಲ್ಲರಿಗೂ ಕಾಣುವಂತೆ ಗೋಡೆಗೆ ಹಾಕಿರಬೇಕು. ಗೋಡೆ ಖಾಲಿ ಇದ್ದರೆ ಗೊತ್ತಾಯಿತಲ್ಲ.

ಇಷ್ಟು ಹೇಳಿದರೆ ನಮ್ಮವರದೇ ಒಂದು ಮಾತು ಬರುತ್ತೆ: "ಬಡವರಿಗೆ ಆರಿಸಿಕೊಳ್ಳೋ ಯೋಗ ಎಲ್ಲಿದೆ ಸ್ವಾಮಿ? ಸಿಕ್ಕಿದ್ದು ಸಾಕು." ನಾನು ಒಪ್ಪುವುದಿಲ್ಲ. ಸಾಹುಕಾರರ ಮಗ ತಪ್ಪು ಕಂಪನಿಗೆ ಸೇರಿದರೆ ಅವನಿಗೆ ಹೋಗುವುದು ಮೂರು ತಿಂಗಳು. ನಮ್ಮ ಹುಡುಗನಿಗೆ ಏಜೆಂಟನಿಗೆ ಕೊಟ್ಟ 5,000 ಹೋಯಿತು, ಹಾಸ್ಟೆಲಿನ ಮುಂಗಡ ಹೋಯಿತು, ಬಿಟ್ಟ ತಿಂಗಳ ಸಂಬಳ ಇನ್ನೂ ಬಂದಿಲ್ಲ, ಸಂಘದ ಸಾಲದ ಕಂತು ನಿಂತಿಲ್ಲ. ಬಡವರಿಗೇ ವಿಚಾರಿಸುವ ಅಗತ್ಯ ಹೆಚ್ಚು. ವಿಚಾರಿಸಿಯೂ ಅದೇ ಕಂಪನಿಗೆ ಹೋಗಬೇಕಾಗಬಹುದು, ಮನೆ ಪರಿಸ್ಥಿತಿ ಹಾಗಿರುತ್ತೆ. ಆಗಲೂ 11,000ಕ್ಕೆ ಅಂತ ಗೊತ್ತಿದ್ದು ಹೋಗುವುದು ಬೇರೆ, 18,000 ಅಂತ ನಂಬಿ ಟ್ರಂಕು ಹೊತ್ತುಕೊಂಡು ಹೋಗುವುದು ಬೇರೆ.

ಕಂಪನಿಯವರದು ಇನ್ನೊಂದು ಮಾತು: ಹಳ್ಳಿ ಹುಡುಗರು ನಿಲ್ಲಲ್ಲ. ಮೂವತ್ತು ಜನರಲ್ಲಿ ಒಬ್ಬ ಓಡಿಹೋದರೆ ಅವನಲ್ಲಿ ದೋಷ ಹುಡುಕೋಣ. ಇಪ್ಪತ್ತು ಜನ ಓಡಿಹೋದರೆ ಆ ಮನೆಯ ದೋಷ ಹುಡುಕಬೇಕೋ ಬೇಡವೋ?

ಅದಕ್ಕೇ ನನ್ನ ಬೇಡಿಕೆ ಒಂದೇ. ಉದ್ಯೋಗ ಮೇಳದಲ್ಲಿ ಪ್ರತಿ ಸ್ಟಾಲಿನ ಮುಂದೆ ಒಂದು ಬೋರ್ಡ್ ಇರಲಿ. ಹೋದ ವರ್ಷ ಈ ಜಿಲ್ಲೆಯಿಂದ ಎಷ್ಟು ಜನರನ್ನು ತೆಗೆದುಕೊಂಡಿರಿ, ಇವತ್ತಿಗೆ ಎಷ್ಟು ಜನ ಉಳಿದಿದ್ದಾರೆ. ಎರಡೇ ಸಂಖ್ಯೆ. ಆ ಲೆಕ್ಕ ಕಂಪನಿಯ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತೆ. ಕೊಡಿ ಅಂತ ಕೇಳುವ ಅಧಿಕಾರ ಮೇಳ ನಡೆಸುವ ಜಿಲ್ಲಾಡಳಿತಕ್ಕೆ ಇದೆ, ಶಾಮಿಯಾನ ಹಾಕುವವರು ಅವರೇ ತಾನೇ.

ಮುಂದಿನ ಮೇಳಕ್ಕೆ ನಾನು ಹೋಗುತ್ತೇನೆ. ಈ ಸಲ ಫೋಟೊ ಆಮೇಲೆ. ಮೊದಲು ಸ್ಟಾಲಿನಿಂದ ಸ್ಟಾಲಿಗೆ ಹೋಗಿ ಆ ಎರಡು ಸಂಖ್ಯೆ ಕೇಳುತ್ತೇನೆ. ಯಾರು ಹೇಳಿದರು, ಯಾರು ಹೇಳಲಿಲ್ಲ ಅನ್ನೋದು ಇಲ್ಲೇ ಬರುತ್ತೆ. ಅಷ್ಟರೊಳಗೆ ನಿಮ್ಮ ಮನೆಯಲ್ಲಿ ಹೀಗೆ ಹೋಗಿ ಬಂದವರಿದ್ದರೆ ಅವರ ಆ ಬಣ್ಣದ ಹಾಳೆ, ಪೇಸ್ಲಿಪ್ಪು ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೊ ತೆಗೆದು ನಮಗೆ ಕಳಿಸಿ. ಹೆಸರು ಹೊರಗೆ ಬರುವುದಿಲ್ಲ. ನಮ್ಮೂರಿನ ಹುಡುಗನದು ಆಗಲೇ ನನ್ನ ಫೋನಿನಲ್ಲಿದೆ.